ಡೋಲಕ್ಕನ ಸೀಟು

"ಗಡಿ ದಾಟೋದಕ್ಕೆ ಮುಂಚೆ ಎಲ್ಲರೂ ಒಂದ್ಸಲ ಬಾತ್‌ರೂಮಿಗೆ ಹೋಗಿ ಬಂದುಬಿಡಬೇಕು. ಆಮೇಲೆ ವ್ಯಾನ್ ನಿಲ್ಲಿಸು ಅಂತ ಯಾರಾದ್ರೂ ಬಾಯಿ ಬಿಟ್ರೋ, ಅಲ್ಲೇ ಇಳಿಸಿ ಬರ್ತೀನಿ," ಎನ್ನುತ್ತಾ ಡೋಲಕ್ಕ ಇಸ್ತ್ರಿ ಮೇಜಿನ ಮೇಲೆ ಹರಡಿದ್ದ ನಕಾಶೆಯನ್ನು ಅಂಗೈಯಿಂದ ತೀಡಿದಳು. ಮಡಿಕೆ ಕಂಡರೆ ತೀಡುವುದು ಅವಳ ಕೈಯ ಚಾಳಿ. ಅದು ಅಂಗಿಯಾದರೂ ಸರಿ, ಎರಡು ದೇಶಗಳಾದರೂ ಸರಿ.

ಭಾನುವಾರವಾದ್ದರಿಂದ ಲಾಂಡ್ರಿಯ ಶಟರ್ ಅರ್ಧಕ್ಕೆ ಇಳಿದಿತ್ತು. ಪ್ಲಾಸ್ಟಿಕ್ ಹೊದ್ದು ನೇತಾಡುತ್ತಿದ್ದ ಯಾರ್‍ಯಾರದೋ ಕೋಟುಗಳ ಕೆಳಗೆ ಊರಿನ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಗಳ ಗುಂಪು ಸೇರಿತ್ತು: ವ್ಯಾನ್ ಓಡಿಸುವ ಅವಳ ತಮ್ಮ, ನಲ್ಲಿ ರಿಪೇರಿ ಮಾಡುವ, ಎಲ್ಲರೂ ಪೈಪು ಎಂದೇ ಕರೆಯುವ ಹುಡುಗ, ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಟೀಚರಮ್ಮ. ಮೂಲೆಯ ಸ್ಟೂಲಿನ ಮೇಲೆ ಡೋಲಕ್ಕನ ಗಂಡ ಯಾವುದೋ ಕೋಟಿಗೆ ಗುಂಡಿ ಹೊಲಿಯುತ್ತಿದ್ದ. ನಾಯಿ ಸಾಕಿದ ಮನೆಗೆ ಅಳಿಯನಾಗಿ ಬಂದವನು ಬೊಗಳಾಟಕ್ಕೆ ಒಗ್ಗಿಕೊಳ್ಳುವ ಹಾಗೆ ಅವನು ಫುಟ್‌ಬಾಲಿಗೆ ಒಗ್ಗಿಕೊಂಡಿದ್ದ. ಚೆಂಡು ದುಂಡಗಿರುತ್ತದೆ ಎನ್ನುವುದರ ಆಚೆಗೆ ಅವನ ಜ್ಞಾನ ಹೋಗಿರಲಿಲ್ಲ, ಹೋಗಲಿ ಎಂಬ ಆಸೆಯೂ ಅವನಿಗಿರಲಿಲ್ಲ.

ಪಂದ್ಯದಲ್ಲಿ ಡೋಲು ಬಾರಿಸುವುದರಲ್ಲಿ ಹೇಗೋ ಹಾಗೆ, ಪ್ಲಾನು ಹಾಕುವುದರಲ್ಲೂ ಡೋಲಕ್ಕನನ್ನು ಮೀರಿಸುವವರು ಇರಲಿಲ್ಲ. ಶನಿವಾರ ಬೆಳಗ್ಗೆ ಹೊರಡುವುದು, ಸಂಜೆ ಪಂದ್ಯ. ಮುಗಿದ ಮೇಲೆ ಹೊರಗಿನಿಂದ ಬಂದ ಅಭಿಮಾನಿಗಳನ್ನು ಅಲ್ಲಿ ತಕ್ಷಣ ಬಿಡುವುದಿಲ್ಲ. ಆ ಊರಿನವರೆಲ್ಲ ಮನೆ ಸೇರಿದ ಮೇಲೆ ಪೊಲೀಸರೇ ವ್ಯಾನುಗಳನ್ನು ಸಾಲುಗಟ್ಟಿಸಿ ಗಡಿಯ ದಾರಿಗೆ ಹತ್ತಿಸುತ್ತಾರೆ. ಪಂದ್ಯದ ದಿನ ಆ ಊರಿನ ಯಾವ ಲಾಡ್ಜೂ ಇವರಂಥವರಿಗೆ ರೂಮು ಕೊಡುವುದಿಲ್ಲ. ಅದಕ್ಕೇ ಗಡಿಗೆ ಅಂಟಿಕೊಂಡ ಒಂದು ಸಣ್ಣ ಊರಿನಲ್ಲಿ ರಾತ್ರಿ ಉಳಿದು, ಬೆಳಗ್ಗೆ ಈ ಕಡೆ ಬರುವುದು. ಒಟ್ಟಿಗೆ ಹೋಗಬೇಕು, ಒಟ್ಟಿಗೆ ಬರಬೇಕು, ಮಧ್ಯೆ ಯಾರೂ ಕಳಚಿಕೊಳ್ಳಬಾರದು. ಇದು ಡೋಲಕ್ಕನೇ ಮಾಡಿದ ಕಾನೂನು. ಹಿಂದೊಮ್ಮೆ ಪೈಪು ಅವಸರದಲ್ಲಿ ಎದುರಾಳಿಗಳ ಬಸ್ಸು ಹತ್ತಿ, ದಾರಿಯುದ್ದಕ್ಕೂ ಅವರ ಹಾಡಿಗೆ ತಾಳ ಹಾಕಿ ಪ್ರಾಣ ಉಳಿಸಿಕೊಂಡು ಬಂದ ಮೇಲೆ ಹುಟ್ಟಿದ್ದು.

"ಎಲ್ಲಾ ಸರಿ ಅಕ್ಕಾ," ಎಂದ ತಮ್ಮ, ನಕಾಶೆಯ ಅಂಚನ್ನು ಕೆರೆಯುತ್ತಾ. "ಆದ್ರೆ ನೀನು ಎಲ್ಲಿ ಕೂತ್ಕೋತೀಯ ಅಂತ ಹೇಳಲೇ ಇಲ್ವಲ್ಲ."

ಪೈಪು ತನ್ನ ಬೂಟುಗಳನ್ನು ಹೊಸದಾಗಿ ಕಂಡವನ ಹಾಗೆ ನೋಡಿಕೊಂಡ. ಈ ಸಲ ಎದುರು ತಂಡದ ಗೋಲ್‌ಕೀಪರ್ ಬೇರೆ ಯಾರೂ ಅಲ್ಲ, ಡೋಲಕ್ಕನ ಮಗ. ಊರಿನ ಕ್ಲಬ್ಬಿನಲ್ಲೇ ಆಡಿ ಬೆಳೆದ ಹುಡುಗನನ್ನು ಈ ವರ್ಷ ಗಡಿಯಾಚೆಯ ದೊಡ್ಡ ಕ್ಲಬ್ಬು ಎತ್ತಿಕೊಂಡು ಹೋಗಿತ್ತು. ಹೋದವನಿಗೆ ಒಂದು ಸಲವೂ ಮನೆಗೆ ಬರಲು ಬಿಡುವಾಗಿರಲಿಲ್ಲ. ಈಗ ಆಟಗಾರರ ಮನೆಯವರು ಕೂರುವ ಕಡೆ ಅಪ್ಪ ಅಮ್ಮನಿಗೆಂದು ಎರಡು ಸೀಟು ಹಿಡಿದು, "ರಾತ್ರಿ ನನ್ನ ಮನೇಲೇ ಉಳ್ಕೊಳಿ. ಭಾನುವಾರ ಮತ್ತೆ ಟೀಮಿನ ಜೊತೆ ಹೊರಡಬೇಕು, ಅದೊಂದೇ ರಾತ್ರಿ ನಾನು ಸಿಗೋದು," ಎಂದು ಹೇಳಿ ಕಳಿಸಿದ್ದ.

ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಇನ್ನೊಂದು ತೊಡಕಿತ್ತು, ಅದು ಹಾಡಿನದು. ಎದುರು ತಂಡದ ಗೋಲಿನ ಹಿಂದೆ ನಿಂತು ಕೀಪರನ ಜೀವ ಹಿಂಡುವುದು ಈ ಗುಂಪಿನ ಕಸುಬು. ಅದಕ್ಕೆಂದೇ ಡೋಲಕ್ಕ ಒಂದು ಹಾಡು ಕಟ್ಟಿದ್ದಳು: "ಅಮ್ಮ ಕರೀತಾಳೆ, ಮನೆಗೆ ಹೋಗೋ ಕಂದಾ! ಹಾಲು ಆರೋಗ್ತದೆ, ಮನೆಗೆ ಹೋಗೋ ಕಂದಾ!" ಡೋಲಿನ ಏಟಿಗೆ ಇಡೀ ಸ್ಟ್ಯಾಂಡು ಇದನ್ನು ಹಾಡಿತೆಂದರೆ ಎಂಥ ಕೀಪರನ ಕಿವಿಯೂ ಕೆಂಪಾಗುತ್ತಿತ್ತು. ಒಬ್ಬನಂತೂ ಸಿಟ್ಟಿಗೆದ್ದು ಇವರತ್ತ ತಿರುಗಿ ಬೈಯುತ್ತಿದ್ದಾಗಲೇ ಚೆಂಡು ಅವನ ಬೆನ್ನ ಹಿಂದೆ ಬಲೆ ಸೇರಿತ್ತು.

"ಡೋಲಕ್ಕಾ, ನಾವೆಲ್ಲ ಮಾತಾಡ್ಕೊಂಡಿದೀವಿ," ಎಂದಳು ಟೀಚರಮ್ಮ, ಮಕ್ಕಳಿಗೆ ಇಂಜೆಕ್ಷನ್ ನೋಯುವುದಿಲ್ಲ ಎನ್ನುವ ದನಿಯಲ್ಲಿ. "ಈ ಸಲ ಆ ಹಾಡು ಬೇಡ. ಅವನು ನಮ್ಮ ಹುಡುಗ. ನಮ್ಮ ಕಣ್ಣೆದುರೇ ಬೆಳೆದೋನು."

"ನೀವು ಮನೆಯವರ ಸೀಟಲ್ಲೇ ಕೂತ್ಕೊಳಿ, ರಾತ್ರಿ ಮಗನ ಜೊತೆ ಇದ್ದು ಬನ್ನಿ," ಎಂದ ಪೈಪು. "ಡೋಲು ನಾನು ನೋಡ್ಕೋತೀನಿ."

"ನೋಡ್ಕೊಳ್ಳೋಕೆ ಅದೇನು ಹಸುಗೂಸೇನೋ?" ಎಂದು ಗದರಿದಳೇ ಹೊರತು ಡೋಲಕ್ಕ ಬೇಡವೆನ್ನಲಿಲ್ಲ. ಬೇಡವೆನ್ನುವ ಮನಸ್ಸೇ ಅವಳಿಗಿರಲಿಲ್ಲ. ಮಗನ ಮನೆ ಹೇಗಿದೆಯೋ, ಹೊತ್ತಿಗೆ ಸರಿಯಾಗಿ ತಿನ್ನುತ್ತಾನೋ, ಹಾಸಿಗೆಯ ಮೇಲೆ ಬಟ್ಟೆ ಗುಡ್ಡೆ ಹಾಕಿಕೊಂಡು ಅದರ ಮೇಲೇ ಮಲಗುತ್ತಾನೋ, ಒಂದು ರಾತ್ರಿ ಕಣ್ತುಂಬ ನೋಡಿ ಬರಬೇಕೆಂದು ಅವಳ ಜೀವ ತಹತಹಿಸುತ್ತಿತ್ತು. ಆದರೂ ಇವರೆಲ್ಲ ಇಷ್ಟು ಸಲೀಸಾಗಿ ಒಪ್ಪಿಬಿಟ್ಟರಲ್ಲ, ನಾನಿಲ್ಲದೆಯೂ ಇವರ ಪಂದ್ಯ ನಡೆಯುತ್ತದೆಯೇ ಎಂದು ಒಳಗೆಲ್ಲೋ ಚುರ್ ಎಂದಿತು. ಮಗಳನ್ನು ಗಂಡನ ಮನೆಗೆ ಕಳಿಸುವ ತಾಯಿಯ ಹಾಗೆ ಡೋಲನ್ನು ಪೈಪಿನ ಹೆಗಲಿಗೆ ಹಾಕಿ, "ಎಡಗೈ ಮೆತ್ತಗಿರಲಿ, ಬಲಗೈ ಮಾತ್ರ ಜೋರು," ಎಂದು ಹೇಳಿ ಕಳಿಸಿದಳು.

ಮರುದಿನ ಬೆಳಗ್ಗೆ ಮಗನ ಫೋನು ಬಂದಾಗ ಡೋಲಕ್ಕ ಹಬೆಯ ಮಧ್ಯೆ ಬಿಳಿ ಅಂಗಿಯೊಂದರ ಕಾಲರ್ ತೀಡುತ್ತಿದ್ದಳು. ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡು, "ನಾನು ಬರ್ತಿದೀನಿ ಕಣೋ, ನೀನು ಹಿಡಿದಿರೋ ಸೀಟಿಗೇ," ಎಂದಳು. "ನಿಮ್ಮಪ್ಪ ಬರಲ್ಲ, ಅವರಿಗೆ ಗುಂಡಿಗಳೇ ಪ್ರಪಂಚ."

"ನಿಜವಾಗ್ಲೂ? ಮತ್ತೆ ಡೋಲು?"

"ಪೈಪಿಗೆ ಕೊಟ್ಟಿದೀನಿ."

"ಪೈಪಿಗಾ! ಬಚ್ಚಲಲ್ಲಿ ಬಕೆಟ್ ಬಿದ್ದಂಗಿರುತ್ತೆ," ಎಂದು ಮಗ ನಕ್ಕ. ನಗು ಮುಗಿದ ಮೇಲೆ, "ಹಾಡು?" ಎಂದ.

"ಹಾಡೂ ಇಲ್ಲ, ಗೀಡೂ ಇಲ್ಲ. ಎಲ್ಲರೂ ಸೇರಿ ತೀರ್ಮಾನ ಮಾಡಿಬಿಟ್ಟಿದೀವಿ. ನಿನಗೆ ಒಬ್ಬರೂ ಒಂದು ಮಾತು ಅನ್ನಲ್ಲ."

ಮಗ ಹಿಗ್ಗುತ್ತಾನೆಂದು ಅವಳು ಕಾದಳು.

"ಏನೋ, ಇದೀಯೇನೋ?"

"ಅಮ್ಮಾ, ಇಲ್ಲಿಯೋರು ನನ್ನನ್ನ ಇನ್ನೂ ನಂಬಿಲ್ಲ." ದನಿ ತಗ್ಗಿತ್ತು. "ಹಳೇ ಕ್ಲಬ್ಬಿನ ಮೇಲೆ ಆಡುವಾಗ ಇವನು ಕೈ ಸಡಿಲ ಬಿಡ್ತಾನೆ ಅಂತ ಈಗಾಗ್ಲೇ ಗುಸುಗುಸು ಶುರುವಾಗಿದೆ. ನಿಮ್ಮ ಗುಂಪು ಯಾವ ಕೀಪರನ್ನೂ ಬಿಟ್ಟಿಲ್ಲ, ಅದು ಎಲ್ಲರಿಗೂ ಗೊತ್ತು. ನನ್ನೊಬ್ಬನ ಹಿಂದೆ ಮಾತ್ರ ಬಾಯಿಗೆ ಬೀಗ ಹಾಕ್ಕೊಂಡು ನಿಂತ್ರೆ ಏನಂದ್ಕೋತಾರೆ ಹೇಳು. ಇವನು ಇನ್ನೂ ಅವರೋನೇ ಅಂತಾರೆ. ಆಮೇಲೆ ನಾನು ಒಂದೇ ಒಂದು ಗೋಲು ಬಿಟ್ರೂ ಸಾಕು, ಮುಗೀತು ನನ್ನ ಕಥೆ."

ಡೋಲಕ್ಕನ ಕೈ ನಿಂತಿತು. ಕಾಲರ್ ಸೀದ ವಾಸನೆ ಮೂಗಿಗೆ ಬಡಿದ ಮೇಲೆಯೇ ಅವಳು ಇಸ್ತ್ರಿ ಪೆಟ್ಟಿಗೆ ಎತ್ತಿದ್ದು. ಉಪಕಾರ ಮಾಡಲು ಹೋಗಿ ಹುಡುಗನ ಕುತ್ತಿಗೆಗೇ ತರುತ್ತಿದ್ದೆವಲ್ಲ ಎಂದು ಅವಳಿಗೆ ಆಗಲೇ ಹೊಳೆದದ್ದು. ಎದುರಾಳಿಗಳ ಹುಳುಕು ಹುಡುಕುವ ಬುದ್ಧಿ ಇಷ್ಟು ವರ್ಷ ಚುರುಕಾಗಿತ್ತು, ಮಗನ ವಿಷಯಕ್ಕೆ ಬಂದಾಗ ಎಲ್ಲಿ ಮೇಯಲು ಹೋಗಿತ್ತೋ!

"ನಾನು ನಿನ್ನ ಹಿಂದೆ ನಿಂತು ಬಾರಿಸಿದ್ರೆ," ಎಂದಳು ನಿಧಾನವಾಗಿ, "ರಾತ್ರಿ ನಿನ್ನ ಮನೆಗೆ ಬರೋಕಾಗಲ್ಲ. ಪೊಲೀಸರು ಸೀದಾ ವ್ಯಾನಿಗೆ ಹತ್ತಿಸ್ತಾರೆ."

"ಗೊತ್ತಮ್ಮ."

"ಮಾತೂ ಆಡೋಕಾಗಲ್ಲ."

"ಗೊತ್ತು. ಅದಕ್ಕೇ ನಾನಾಗಿ ಕೇಳೋಕೆ ಮನಸ್ಸು ಬರಲಿಲ್ಲ." ಅವನೇ ಮತ್ತೆ ಅಂದ, "ಇನ್ನೊಂದಮ್ಮಾ. ನಾನು ಹಿಂದೆ ತಿರುಗಿ ನೋಡಲ್ಲ. ಬೇಜಾರು ಮಾಡ್ಕೋಬೇಡ."

"ತಿರುಗಿ ನೋಡಿದ್ರೆ ಕಾಲು ಮುರೀತೀನಿ!" ಎಂದಳು ಡೋಲಕ್ಕ. ದನಿ ಅವಳ ಮಾತು ಕೇಳಿತು, ಕಣ್ಣು ಕೇಳಲಿಲ್ಲ. ಫೋನಿನಲ್ಲಿ ಕಣ್ಣು ಕಾಣುವುದಿಲ್ಲವಲ್ಲ, ಪುಣ್ಯ.

ಅವಳು ಒಮ್ಮೆ ತೀರ್ಮಾನಿಸಿದರೆ ಕೆಲಸ ತಡವಾಗುವುದಿಲ್ಲ. ಮಧ್ಯಾಹ್ನದೊಳಗೆ ಪೈಪು ಡೋಲನ್ನು ವಾಪಸು ತಂದಿಟ್ಟ. ರಾತ್ರಿಯೆಲ್ಲ ಅಭ್ಯಾಸ ಮಾಡಿ ಪಕ್ಕದ ಮನೆಯವರಿಂದ ಉಗಿಸಿಕೊಂಡಿದ್ದ ಅವನಿಗೆ ಹೆಗಲ ಮೇಲಿನ ಕಲ್ಲು ಇಳಿದಂತಾಗಿತ್ತು. "ಹಾಡು ಹೇಳೋದೇನಾ ಡೋಲಕ್ಕಾ? ನಮಗೆ ಬಾಯೇ ಬರಲ್ಲ," ಎಂದು ತಲೆ ಕೆರೆದುಕೊಂಡ.

"ಬರುತ್ತೆ, ನಾನು ಬರಿಸ್ತೀನಿ. ಇಷ್ಟು ವರ್ಷ ಕಂಡೋರ ಮಕ್ಕಳಿಗೆ ಹಾಡಿದ್ವಲ್ಲ, ಅವರಿಗೇನು ಅಮ್ಮಂದಿರು ಇರಲಿಲ್ವಾ? ಮಾಡಿದ್ದುಣ್ಣೋ ಮಹಾರಾಯ. ನಾನೇ ಕಟ್ಟಿದ್ದು, ನಾನೇ ಹೇಳ್ತೀನಿ. ಒಬ್ಬರ ಗಂಟಲು ಸಣ್ಣಗಾದ್ರೂ ವ್ಯಾನು ಹತ್ತಿಸಲ್ಲ ನೋಡು!"

ಪೈಪು ಹೋದ ಮೇಲೆ ಅವಳು ಕಾಲರ್ ಸೀದ ಅಂಗಿಯನ್ನು ಮತ್ತೆ ಕೈಗೆತ್ತಿಕೊಂಡಳು. ಮಗನ ಜೊತೆ ಇರಬಹುದಾಗಿದ್ದ ಆ ಒಂದು ರಾತ್ರಿ ಕೈಬಿಟ್ಟು ಹೋಗಿತ್ತು. ಹೆತ್ತ ಮಗನ ಊರಿಗೆ ಹೋಗಿ, ಅವನ ಬೆನ್ನು ನೋಡಿ ಬರುವ ಭಾಗ್ಯ.

"ಆ ಸೀಟು ಖಾಲಿ ಬಿಡಬೇಡ," ಎಂದ ಗಂಡ ಮೂಲೆಯಿಂದ, ದಾರ ಕಚ್ಚಿ ಹರಿಯುತ್ತಾ.

"ಯಾವ ಸೀಟು?"

"ಅವನು ಹಿಡಿದಿರೋದು. ನಾನು ಹೋಗ್ತೀನಿ."

"ನೀವಾ? ಚೆಂಡು ಯಾವ ಕಡೆ ಹೋಗ್ಬೇಕು ಅಂತಾನೂ ನಿಮಗೆ ಗೊತ್ತಿಲ್ವಲ್ರೀ!"

"ನಮ್ಮ ಹುಡುಗನ್ನ ದಾಟಿ ಹೋಗಬಾರದು. ಅಷ್ಟು ಗೊತ್ತು."

ಡೋಲಕ್ಕ ಅಂಗಿಯನ್ನು ಬದಿಗೆ ಸರಿಸಿದಳು. "ಒಬ್ಬರೇ? ಆ ಕಡೆಯೋರ ಮಧ್ಯೆ?"

"ಪಕ್ಕದ ಸೀಟಲ್ಲಿ ನನ್ನ ಕೋಟು ಇಟ್ಕೋತೀನಿ. ರಾತ್ರಿ ಅವನ ಜೊತೆ ಉಳಿದು, ಬೆಳಗ್ಗೆ ರೈಲಲ್ಲಿ ಬಂದು ನಿಮ್ಮ ಲಾಡ್ಜಿನ ಊರಲ್ಲಿ ಇಳೀತೀನಿ. ಮಧ್ಯೆ ಕಳಚಿಕೊಳ್ಳಬಾರದು ಅನ್ನೋ ನಿನ್ನ ಕಾನೂನು ನನಗಲ್ಲ. ನಾನು ನಿಮ್ಮ ಗುಂಪಿನೋನೇ ಅಲ್ಲ."

ಡೋಲಕ್ಕ ಅವನನ್ನು ಹೊಸಬನನ್ನು ನೋಡುವ ಹಾಗೆ ನೋಡಿದಳು. ಆಮೇಲೆ ಸ್ಟೂಲನ್ನು ಮೇಜಿನ ಹತ್ತಿರ ಎಳೆಸಿ, ಗುಂಡಿಗಳ ಡಬ್ಬಿ ಬಗ್ಗಿಸಿ ಪಾಠ ಶುರು ಮಾಡಿದಳು. ಕಪ್ಪು ಗುಂಡಿ ನಮ್ಮೋರು, ಬಿಳಿ ಗುಂಡಿ ಅವರು. ತುದಿಯಲ್ಲಿರುವ ಹಿತ್ತಾಳೆ ಗುಂಡಿ ಮಗ. ಅವನು ಚೆಂಡು ಹಿಡಿದರೆ ಚಪ್ಪಾಳೆ. ಗುದ್ದಿ ಹೊರಗೆ ಕಳಿಸಿದರೂ ಚಪ್ಪಾಳೆ. ಗೆರೆಯ ಪಕ್ಕ ಓಡುತ್ತಾ ಬಾವುಟ ಎತ್ತುವವನನ್ನು ನೋಡಿ ಹೆದರಬೇಕಾಗಿಲ್ಲ. ಗಂಡ ಒಂದೊಂದಕ್ಕೂ ತಲೆಯಾಡಿಸುತ್ತಾ, ಮೇಜಿನ ಮೇಲೆ ಬಾಗಿ, ಶಾಲೆಗೆ ಸೇರಿದ ಮೊದಲ ದಿನದ ಶ್ರದ್ಧೆಯಿಂದ ಕೇಳಿದ. ತಪ್ಪು ಜಾಗದಲ್ಲಿ ಚಪ್ಪಾಳೆ ತಟ್ಟಿ ಎರಡು ಸಲ ಬೈಸಿಕೊಂಡ.

"ಮತ್ತೆ," ಎಂದ ಕೊನೆಗೆ, ಕಪ್ಪು ಗುಂಡಿಯೊಂದನ್ನು ಹಿತ್ತಾಳೆ ಗುಂಡಿಯ ಪಕ್ಕದಿಂದ ದಾಟಿಸಿ, "ನಿಮ್ಮೋರು ಗೋಲು ಹೊಡೆದುಬಿಟ್ರೆ? ಆವಾಗ ನಾನೇನು ಮಾಡ್ಬೇಕು?"

ಡೋಲಕ್ಕ ಆ ಗುಂಡಿಯನ್ನು ಬೆರಳಿನಿಂದ ಒತ್ತಿ ಹಿಡಿದಳು.

"ಏನೂ ಮಾಡ್ಬೇಡಿ. ಅವನ ಮುಖ ನೋಡ್ತಾ ಇರಿ," ಎಂದಳು. "ನೀವಿರೋ ಕಡೆಯಿಂದ ಕಾಣುತ್ತೆ. ನಾನು ಆವಾಗ ಡೋಲು ಬಡೀತಿರ್ತೀನಿ."

ಗಂಡ ಮೂಗಿನ ಮೇಲಿದ್ದ ಕನ್ನಡಕ ತೆಗೆದು, ಬಾಯಿಯ ಹಬೆ ಊದಿ, ಅಂಗಿಯ ಚುಂಗಿನಿಂದ ಒಂದೊಂದೇ ಗಾಜನ್ನು ಒರೆಸತೊಡಗಿದ.