ದೋನಾ ಅಜ್ಜಿಯ ತೋಳಿಗೊಂದು ಪಟ್ಟಿ

ಯಾವೊರ್ಕಿನೊ ಊರಿನಲ್ಲಿ ಸೂಲಗಿತ್ತಿ ಹಬ್ಬದ ದಿನ ಗಂಡಸರು ಮನೆಯಿಂದ ಹೊರಗೆ ಕಾಲಿಡುವುದಿಲ್ಲ. ಇಟ್ಟರೆ ಅವರ ಗ್ರಹಚಾರ. ಜನವರಿಯ ಚಳಿಯಲ್ಲಿ ಊರಿನ ಹೆತ್ತ ಹೆಂಗಸರೆಲ್ಲ ಒಟ್ಟಿಗೆ ಕೂತು ತಿಂದು, ಪ್ಲಮ್ ಹಣ್ಣಿನ ಸಾರಾಯಿ ಇಳಿಸಿ ಬೀದಿಗೆ ಬಿದ್ದರೆಂದರೆ, ಪಾದ್ರಿಯ ಟೋಪಿಯೂ ತಲೆಯ ಮೇಲೆ ಉಳಿಯುವುದಿಲ್ಲ. ಇದನ್ನೆಲ್ಲ ರಾದೊಸ್ತಿನಾ ತನ್ನ ಜೊತೆ ಬಂದಿದ್ದ ಹೃದಯದ ಡಾಕ್ಟರ್ ಖ್ರಾನೊವ್‌ಗೆ ಬಿಡಿಸಿ ಬಿಡಿಸಿ ಹೇಳಿದ್ದಳು. ಆತ ನಕ್ಕು ಸುಮ್ಮನಾಗಿದ್ದ. ರಾಜಧಾನಿ ಸೋಫಿಯಾದಲ್ಲಿ ಹುಟ್ಟಿ ಬೆಳೆದವನು, ಪಾಪ, ಅವನಿಗೇನು ಗೊತ್ತು.

ರಾದೊಸ್ತಿನಾ ಇದೇ ಊರಿನ ಮಗಳು. ಬಸುರಿನಲ್ಲಿ ರಕ್ತದೊತ್ತಡ ಏರಿದ್ದ ಹೆಂಗಸರಿಗೆ ವಯಸ್ಸಾದ ಮೇಲೆ ಹೃದಯದ ಕಾಯಿಲೆ ಬರುವ ಭಯ ಹೆಚ್ಚು. ಹೆರಿಗೆ ಆಯಿತು, ಕಷ್ಟ ಕಳೆಯಿತು ಅಂತ ಅವರು ಮರೆತರೂ ಮೈ ಮರೆಯುವುದಿಲ್ಲ. ಅಂಥವರನ್ನು ಹುಡುಕಿ, ವರ್ಷ ವರ್ಷ ತಪಾಸಣೆ ಮಾಡುತ್ತ ಬರುವುದು ಅವಳ ಸಂಶೋಧನಾ ತಂಡದ ಕೆಲಸ. ಊರಿನ ಹೆಂಗಸರು ಮೊದಲು ಮೂಗು ಮುರಿದರೂ, ನಮ್ಮ ಹುಡುಗಿಯಲ್ಲವೇ ಅಂತ ಒಬ್ಬೊಬ್ಬರಾಗಿ ಬಂದು ತೋಳು ಕೊಟ್ಟಿದ್ದರು. ಕೊಡದವಳು ಒಬ್ಬಳೇ. ರಾದೊಸ್ತಿನಾಳ ನಿದ್ದೆ ಕೆಡಿಸಿದವಳೂ ಅವಳೇ.

ಅವಳು ಸೂಲಗಿತ್ತಿ ದೋನಾ. ಅರ್ಧ ಊರನ್ನು ಈ ಲೋಕಕ್ಕೆ ಎಳೆದು ತಂದವಳು, ರಾದೊಸ್ತಿನಾಳನ್ನೂ ಸೇರಿಸಿ. ಈಚೆಗೆ ದಿಬ್ಬ ಹತ್ತುವಾಗ ಸಿಕ್ಕ ಸಿಕ್ಕ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಕಾಲುಗಂಟು ಊದಿ ಚಪ್ಪಲಿಯ ಮೇಲೆ ಕೂತಿರುತ್ತಿತ್ತು. ಸುಟ್ಟ ಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತ ಕೂತಿದ್ದಾಗ ಒಂದು ದಿನ ರಾದೊಸ್ತಿನಾಳ ತಾಯಿ ದನಿ ತಗ್ಗಿಸಿ ಹೇಳಿದ್ದಳು: ಪ್ರಾಯದಲ್ಲಿ ದೋನಾಳಿಗೂ ಬಸುರು ನಿಂತಿತ್ತು, ಏಳನೇ ತಿಂಗಳಲ್ಲಿ ಮೈಯೆಲ್ಲ ಊದಿ, ಫಿಟ್ಸ್ ಬಂದು, ಮಗು ಹೋಯಿತು. ಆಮೇಲೆ ಆ ಮಾತು ಯಾರೂ ಎತ್ತಲಿಲ್ಲ.

ಅದನ್ನು ಕೇಳಿದಾಗಿನಿಂದ ರಾದೊಸ್ತಿನಾಳಿಗೆ ಒಂದೇ ಚಿಂತೆ: ಇಂದೋ ನಾಳೆಯೋ ಅಜ್ಜಿ ದಿಬ್ಬದ ಮೇಲೇ ಕುಸಿಯುತ್ತಾಳೆ. ಎರಡು ಸಲ ರಕ್ತದೊತ್ತಡ ನೋಡುವ ಯಂತ್ರ ಹಿಡಿದು ಅವಳ ಮನೆಗೆ ಹೋದಳು. ಎರಡು ಸಲವೂ ಉಪ್ಪಿನಕಾಯಿ ಭರಣಿ ಕೈಗಿತ್ತು ಅಟ್ಟಿದ್ದಾಯಿತು.

"ನಿನ್ನ ಹೊಕ್ಕಳು ಕತ್ತರಿಸಿದೋಳು ನಾನು. ನನ್ನ ತೋಳು ಹಿಡಿಯೋಕೆ ಬಂದ್ಯಾ? ಹೋಗೇ!" ಅಂದಿದ್ದಳು ದೋನಾ. ಆಮೇಲೆ ಬಾಗಿಲು ಹಾಕುತ್ತ, "ನಿಂದು ಹೆತ್ತೋರ ಲೆಕ್ಕ ತಾನೆ. ನಾನು ಹೆತ್ತೋಳಲ್ಲ" ಅಂದಿದ್ದಳು.

ಹಬ್ಬದ ದಿನ ದೋನಾಳ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚೀಸು ತುಂಬಿದ ಬಾನಿತ್ಸಾ ಹಬೆಯಾಡುತ್ತಿತ್ತು. ಕೊರಳಲ್ಲಿ ಒಣಮೆಣಸಿನಕಾಯಿ ಬೆಳ್ಳುಳ್ಳಿ ಪೋಣಿಸಿದ ಹಾರ ಹಾಕಿಕೊಂಡು ದೋನಾ ಮಹಾರಾಣಿಯ ಹಾಗೆ ಕೂತಿದ್ದಳು. ಹೆತ್ತ ಪ್ರತಿಯೊಬ್ಬಳ ಎದೆಗೂ ಕೆಂಪು ದಾರ ಸುತ್ತಿದ ಹೂಗೊಂಚಲು ಸಿಕ್ಕಿಸಿದಳು. ತನಗೆ ಮಾತ್ರ ಸಿಕ್ಕಿಸಿಕೊಳ್ಳಲಿಲ್ಲ. ಯಾವತ್ತೂ ಸಿಕ್ಕಿಸಿಕೊಂಡವಳಲ್ಲ.

"ಏನಜ್ಜಿ, ನನ್ನ ಕಡೇ ಮಗನ್ನ ಎಳೆದಾಗ ಅವನ ಅಪ್ಪನ ಮೂಗನ್ನ ಒಳಗೇ ಬಿಟ್ಟು ಬರಬಾರದಿತ್ತಾ?" ಎಂದಳು ಬ್ರೆಡ್ಡಿನಂಗಡಿಯ ಗಿನ್ಕಾ.

"ಆ ಮೂಗು ನೋಡೇ ಅಲ್ವೇನೇ ನೀನು ಮದುವೆ ಆಗಿದ್ದು?" ಎಂದಳು ದೋನಾ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲೆ ಕೈ ತೊಳೆಯುವ ಶಾಸ್ತ್ರ. ಒಬ್ಬೊಬ್ಬಳೂ ಸೂಲಗಿತ್ತಿಯ ಕೈಗೆ ನೀರು ಹೊಯ್ದು, ಸೋಪು ಹಚ್ಚಿ ತೊಳೆದು, ತಂದ ಉಡುಗೊರೆಯನ್ನು ಅವಳ ಮೈಮೇಲೆ ಹಾಕಬೇಕು. ಆ ದಿನ ಸೂಲಗಿತ್ತಿ ಕೈ ಹಿಂದಕ್ಕೆಳೆಯುವ ಹಾಗಿಲ್ಲ, ಹಾಕಿದ್ದನ್ನು ತೆಗೆಯುವ ಹಾಗೂ ಇಲ್ಲ. ದೋನಾಳ ಹೆಗಲ ಮೇಲೆ ಟವೆಲು, ಅಂಗಿ, ಕಾಲುಚೀಲಗಳ ರಾಶಿಯೇ ಬಿದ್ದಿತ್ತು. ಮಗಳು ಹುಟ್ಟಿ ಇನ್ನೂ ವರ್ಷ ತುಂಬದ ರಾದೊಸ್ತಿನಾ ಕೊನೆಗೆ ಬಂದಳು. ಊದಿದ ಬೆರಳುಗಳನ್ನು ಮೆತ್ತಗೆ ತೊಳೆದು ಒರೆಸಿದಳು. ಆಮೇಲೆ ಚೀಲದಿಂದ ಉಡುಗೊರೆ ತೆಗೆದು ಅಜ್ಜಿಯ ತೋಳಿಗೆ ಸುತ್ತಿಯೇ ಬಿಟ್ಟಳು. ಅದು ರಕ್ತದೊತ್ತಡ ಅಳೆಯುವ ಪಟ್ಟಿ.

"ಎಲಾ ಇವಳಾ! ಇದು ಮೋಸ ಕಣೇ!" ಎಂದು ದೋನಾ ಕೂಗಿದಳು.

"ಉಡುಗೊರೆ ತೆಗೆಯೋ ಹಾಗಿಲ್ಲ ಅಜ್ಜಿ!" ಎಂದು ಗಿನ್ಕಾ ಮೇಜು ಕುಟ್ಟಿದಳು. ಉಳಿದವರೂ ಕುಟ್ಟಿದರು.

ಪಟ್ಟಿ ಉಬ್ಬಿತು, ಇಳಿಯಿತು. ಮೇಲಿನ ಅಂಕಿ ಇನ್ನೂರು ದಾಟಿತ್ತು. ರಾದೊಸ್ತಿನಾ ಅಜ್ಜಿಯ ಕಿವಿಗೆ ಬಾಗಿ, "ಈಗಲೇ ಹೊರಡಬೇಕು ಅಜ್ಜಿ, ಮಾತ್ರೆ ಶುರು ಮಾಡಬೇಕು" ಎಂದಳು.

"ಹೆತ್ತೋರ್ನ ನೋಡ್ಕೋ ಹೋಗು."

"ನಾವು ಎಷ್ಟು ಮಕ್ಕಳು ಅಂತ ಕೇಳಲ್ಲ ಅಜ್ಜಿ. ಎಷ್ಟು ಸಲ ಬಸುರಿ ಆಗಿದ್ರಿ ಅಂತ ಕೇಳ್ತೀವಿ. ಉಳಿದ ಮಗುನೂ ಒಂದೇ, ಉಳಿಯದ ಮಗುನೂ ಒಂದೇ ನಮಗೆ."

ದೋನಾ ಆಗಷ್ಟೇ ತೊಳೆಸಿಕೊಂಡ ತನ್ನ ಕೈಗಳನ್ನೇ ನೋಡುತ್ತ ಕೂತಳು. ಕೊನೆಗೆ ತಲೆಯೆತ್ತಿ, "ಬಂಡಿ ಎಲ್ರೇ? ಹಬ್ಬದ ದಿನ ನಾನು ನಡ್ಕೊಂಡು ಹೋಗಲ್ಲ" ಎಂದು ಗದರಿದಳು.

ಸೂಲಗಿತ್ತಿಯನ್ನು ಬಂಡಿಯಲ್ಲಿ ಕೂರಿಸಿ ಬಾವಿಯವರೆಗೆ ಎಳೆದೊಯ್ಯುವುದು ಪದ್ಧತಿ. ಆ ವರ್ಷ ಬಂಡಿ ಬಾವಿಯನ್ನು ದಾಟಿ ಆಸ್ಪತ್ರೆಯ ಕಡೆಗೆ ತಿರುಗಿತು. ಹಾಡು ಮಾತ್ರ ನಿಲ್ಲಲಿಲ್ಲ, ಅದರ ಪದಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ತಿರುವಿನಲ್ಲೇ ಸಿಕ್ಕಿದ ಡಾಕ್ಟರ್ ಖ್ರಾನೊವ್. ಎಲ್ಲರೂ ಹಬ್ಬದಲ್ಲಿದ್ದಾರೆ, ಒಂದು ಸಿಗರೇಟು ತರೋಣ ಅಂತ ಹೊರಟಿದ್ದನಂತೆ. ಕಣ್ಣು ಮಿಟುಕಿಸುವುದರಲ್ಲಿ ಟೋಪಿ ಹೋಯಿತು, ಎಡಗಾಲಿನ ಬೂಟು ಹೋಯಿತು. ಆತ ಹಿಮದಲ್ಲಿ ಒಂಟಿಕಾಲಿನಲ್ಲಿ ಕುಣಿಯತೊಡಗಿದ.

"ಬೂಟು ಬೇಕಾ ಡಾಕ್ಟರೇ? ನಮ್ಮಜ್ಜಿ ಹೃದಯ ನೋಡಿ, ಆಮೇಲೆ ಕೊಡ್ತೀವಿ" ಎಂದಳು ಗಿನ್ಕಾ.

"ನೋಡ್ತೀನಿ ತಾಯಿ, ನೋಡ್ತೀನಿ! ಕಾಲು ಮರಗಟ್ಟೋಗ್ತಿದೆ!"

ಆಸ್ಪತ್ರೆಯಲ್ಲಿ ಬೆಳ್ಳುಳ್ಳಿ ಹಾರ ತೆಗೆಯಲು ದೋನಾ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಅದನ್ನು ಬೆನ್ನಿಗೆ ಸರಿಸಿಕೊಂಡೇ ಮಲಗಿದಳು. ಖ್ರಾನೊವ್ ಮಾತ್ರೆ ನುಂಗಿಸಿ, ಹೃದಯದ ಪರೀಕ್ಷೆ ಮಾಡಿ ಕಾಗದ ಹಿಡಿದು ನೋಡಿದ. ಹೆಂಗಸರು ಬಾಗಿಲಲ್ಲಿ ಒತ್ತಿಕೊಂಡು ನಿಂತರು.

"ಹೃದಯ ದಣಿದಿದೆ. ಆದರೆ ಸಮಯಕ್ಕೆ ಬಂದಿದ್ದೀರಿ. ಮಾತ್ರೆ ತಗೊಂಡು, ಉಪ್ಪು ಬಿಟ್ಟು, ನಾವು ಕರೆದಾಗಲೆಲ್ಲ ಬಂದರೆ ಇನ್ನೂ ಎಷ್ಟೋ ಹಬ್ಬ ಮಾಡ್ತೀರಿ" ಎಂದ ಅವನು.

ರಾದೊಸ್ತಿನಾ ಗೋಡೆಗೆ ಒರಗಿ ಕಣ್ಣೊರೆಸಿಕೊಂಡಳು. ಖ್ರಾನೊವ್ ಪೆನ್ನು ತೆಗೆದು ರೂಢಿಯ ಪ್ರಶ್ನೆ ಶುರು ಮಾಡಿದ: "ನಿಮಗೆ ಮಕ್ಕಳಿಲ್ಲ, ಅಲ್ವಾ?"

ರಾದೊಸ್ತಿನಾ ಮಧ್ಯೆ ಬರುವಷ್ಟರಲ್ಲಿ ದೋನಾ ಎದ್ದು ಕೂತಳು.

"ಸರಿಯಾಗಿ ಕೇಳಪ್ಪ. ಎಷ್ಟು ಸಲ ಬಸುರಿ ಆಗಿದ್ದೆ ಅಂತ ಕೇಳು" ಎಂದಳು. ಬಾಗಿಲಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ ಮುಂದುವರಿಸಿದಳು: "ಒಂದು ಸಲ. ಏಳು ತಿಂಗಳು. ಹೆಣ್ಣು ಮಗು. ಕೂದಲು ಕಪ್ಪಗಿತ್ತು."

ವರ್ಷ ವರ್ಷ ಅವಳ ಕೈ ತೊಳೆದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಿನ್ಕಾ ಬೂಟನ್ನು ಕಂಕುಳಲ್ಲಿ ಇಟ್ಟುಕೊಂಡೇ ಒಳಗೆ ಬಂದಳು. ತನ್ನ ಎದೆಯ ಮೇಲಿನ ಕೆಂಪು ದಾರದ ಹೂಗೊಂಚಲು ಬಿಚ್ಚಿ ದೋನಾಳ ಎದೆಗೆ ಸಿಕ್ಕಿಸಿದಳು.

"ನಮಗೆ ಯಾಕಜ್ಜಿ ಹೇಳಲಿಲ್ಲ?"

"ನೀವು ಯಾವಾಗ್ರೇ ಕೇಳಿದ್ರಿ?" ಎಂದಳು ದೋನಾ. ಹೂವನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಅತ್ತಳು, ಅಳುತ್ತಲೇ ನಕ್ಕಳು. ಆಮೇಲೆ ಮೂಗೊರೆಸಿಕೊಂಡು, "ಆ ಹುಡುಗನ ಬೂಟು ಕೊಟ್ಟುಬಿಡ್ರೇ, ಶೀತ ಆಗತ್ತೆ" ಎಂದಳು.