ಕಾರಿಗೆ ಚಾರ್ಜ್, ಅಮ್ಮನಿಗೆ ದಾರಿ

ಹೊಸ ಎಲೆಕ್ಟ್ರಿಕ್ ಕಾರು ಮನೆಗೆ ಬಂದ ದಿನ ಎಲ್ಲರೂ ಅದರ ಬಣ್ಣ ನೋಡಿದರು, ಸೀಟು ಒತ್ತಿ ನೋಡಿದರು. ಅದನ್ನು ಎಲ್ಲಿ ಚಾರ್ಜ್‌ಗೆ ಹಾಕುವುದು ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳಬೇಕಾಗಿದ್ದವರು ಮೇಷ್ಟ್ರು. ಆದರೆ ಅವರಿಗೆ ಹೇಳಿಕೊಡುವ ಅಭ್ಯಾಸ ಜಾಸ್ತಿ, ಕೇಳುವ ಅಭ್ಯಾಸ ಕಡಿಮೆ.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ, ಡ್ರೈವಿಂಗ್ ಸ್ಕೂಲ್ ನಡೆಸುವವರು. ಆ ಬಡಾವಣೆಯಲ್ಲಿ ಸ್ಟೀರಿಂಗ್ ಹಿಡಿದ ಅರ್ಧ ಜನ ಅವರ ಕೈಯಲ್ಲಿ ಬೈಸಿಕೊಂಡೇ ಕಲಿತವರು. "ಮೊದಲು ನೋಡಿ, ಆಮೇಲೆ ತಿರುಗಿಸಿ" ಎಂದು ಅವರು ದಿನವಿಡೀ ಹೇಳುತ್ತಿದ್ದರು. ನಿದ್ದೆಯಲ್ಲೂ ಅದನ್ನೇ ಹೇಳುತ್ತಾರೆಂದು ಹೆಂಡತಿ ತಮಾಷೆ ಮಾಡುತ್ತಿದ್ದಳು.

ಚಾರ್ಜಿಂಗ್‌ಗೆ ಮೇಷ್ಟ್ರು ಕಂಡುಕೊಂಡ ಉಪಾಯ ಸುಲಭದ್ದು. ಉದ್ದನೆಯ ಎಕ್ಸ್‌ಟೆನ್ಷನ್ ಬಾಕ್ಸ್ ತಂದರು. ಮಿಕ್ಸಿ ಹಾಕುವ ಸಾಕೆಟ್‌ಗೆ ಅದನ್ನು ಚುಚ್ಚಿ, ವೈರನ್ನು ಅಡುಗೆಮನೆ ಕಿಟಕಿಯಿಂದ ಗ್ಯಾರೇಜಿಗೆ ಇಳಿಸಿ, ನೆಲದ ಮೇಲೆ ಎಳೆದು ಕಾರಿಗೆ ಸೇರಿಸಿದರು.

"ಫೋನ್ ಚಾರ್ಜ್‌ಗೆ ಹಾಕ್ತೀವಲ್ಲ, ಇದೂ ಹಾಗೇ" ಎಂದರು.

"ರೀ, ಪ್ಲಗ್ ಮುಟ್ಟಿದ್ರೆ ಬಿಸಿ ಇದೆ" ಎಂದಳು ಹೆಂಡತಿ.

"ಕೆಲಸ ಮಾಡೋದೆಲ್ಲ ಬಿಸಿ ಆಗುತ್ತೆ ಕಣೆ. ನಾನೂ ಆಗ್ತೀನಿ."

"ಅದು ಊರಿಗೇ ಗೊತ್ತು" ಎಂದಳು ಅವಳು.

ಒಂದು ಭಾನುವಾರ ಬೆಳಗ್ಗೆ ಕಾರು ಚಾರ್ಜ್ ಆಗುತ್ತಿದ್ದಾಗಲೇ ಪಕ್ಕದ ಸಾಕೆಟ್‌ನಲ್ಲಿ ಅವಳು ಮಿಕ್ಸಿ ಹಾಕಿದಳು. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ತಕ್ಷಣ ಮೇನ್ ಸ್ವಿಚ್ ಆರಿಸಿ ನೋಡಿದರೆ ಸಾಕೆಟ್ಟಿನ ಸುತ್ತ ಕಂದು ಬಣ್ಣ ತಿರುಗಿತ್ತು. ಈ ಸಲ ಅವಳು ಗಂಡನನ್ನು ಕೇಳುವ ಗೋಜಿಗೆ ಹೋಗದೆ ನೇರವಾಗಿ ಅತ್ತಿಗೆಗೆ ಫೋನ್ ಮಾಡಿದಳು.

ಅತ್ತಿಗೆ ಎಂದರೆ ಮೇಷ್ಟ್ರ ಅಕ್ಕ. ಲೈಸೆನ್ಸ್ ಪಡೆದ ವೈರಿಂಗ್ ಕಂಟ್ರಾಕ್ಟರ್. ಊರಿಗೆಲ್ಲ ಪಾಠ ಹೇಳುವ ಮೇಷ್ಟ್ರಿಗೆ ಎದುರು ಕೂತು ಪಾಠ ಹೇಳುವ ಧೈರ್ಯ ಇದ್ದದ್ದು ಅವರೊಬ್ಬರಿಗೇ. ಟೆಸ್ಟರ್, ಅಳತೆ ಟೇಪು ಹಿಡಿದು ಬಂದವರು ಮೊದಲು ಸಾಕೆಟ್ ನೋಡಿದರು.

"ಇದೊಂದು ಬದಲಾಯಿಸಿಬಿಡು ಅಕ್ಕ, ಸಾಕು" ಎಂದರು ಮೇಷ್ಟ್ರು.

"ಸಾಕೆಟ್‌ದೇನೂ ತಪ್ಪಿಲ್ಲ ಕಣೋ. ಮಿಕ್ಸಿ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತೆ. ನಿನ್ನ ಕಾರು ಗಂಟೆಗಟ್ಟಲೆ ಒಂದೇ ಸಮ ಕರೆಂಟ್ ಎಳೆಯುತ್ತೆ. ಅದಕ್ಕೆ ಈ ವೈರು ಸಾಲಲ್ಲ. ಸಾಕೆಟ್ ಸುಟ್ಟಿದ್ದು ಕಣ್ಣಿಗೆ ಬಿತ್ತು. ಗೋಡೆ ಒಳಗಿರೋ ವೈರ್ ಬಿಸಿಯಾದ್ರೆ ಯಾರಿಗೆ ಕಾಣುತ್ತೆ?"

"ಇಷ್ಟು ದಿನ ಏನೂ ಆಗಿರ್ಲಿಲ್ಲ."

"ಲೈಸೆನ್ಸ್ ಇಲ್ದೆ ಗಾಡಿ ಓಡಿಸೋರೂ ಇದನ್ನೇ ಹೇಳ್ತಾರೆ. ಅವರಿಗೆ ನೀನೇನು ಹೇಳ್ತೀಯ?"

ಮೇಷ್ಟ್ರು ಅವರಿಗೆ ಏನು ಹೇಳುತ್ತಾರೆ ಎನ್ನುವುದು ಹೆಂಗಸರ ಮುಂದೆ ಹೇಳುವ ಮಾತಾಗಿರಲಿಲ್ಲ. ಅವರು ಫೋನ್ ತೆಗೆದರು. "ಸರಿ ಹಾಗಾದ್ರೆ, ಇರೋದ್ರಲ್ಲೇ ದೊಡ್ಡ ಚಾರ್ಜರ್ ತರಿಸ್ತೀನಿ. ಗ್ಯಾರೇಜ್ ಬಾಗಿಲ ಪಕ್ಕದಲ್ಲೇ ಹಾಕಿಬಿಡು."

"ಫೋನ್ ಒಳಗಿಡು. ಚಾರ್ಜರ್ ತಗೊಳ್ಳೋದು ಕೊನೇ ಕೆಲಸ. ಮೊದಲು ಮನೆ ನೋಡೋಣ. ಈ ಕಾರಲ್ಲಿ ದಿನಾ ಎಲ್ಲಿಗೆ ಹೋಗ್ತೀಯ?"

"ಮನೆಯಿಂದ ಸ್ಕೂಲು, ಸ್ಕೂಲಿಂದ ಮನೆ. ಪಾಠಕ್ಕೆ ಬೇರೆ ಕಾರಿದೆಯಲ್ಲ."

"ಅಷ್ಟಕ್ಕೆ ದೊಡ್ಡದು ಯಾಕೆ? ಗಾಡಿ ಸುಮ್ಮನೆ ನಿಂತಿರೋ ಹೊತ್ತಲ್ಲಿ ನಿಧಾನವಾಗಿ ತುಂಬ್ಕೊಂಡ್ರೆ ಆಯ್ತು. ದೊಡ್ಡದು ತಂದು, ಗೀಸರ್ ಜೊತೆ ಅದನ್ನೂ ಹಾಕಿದ್ರೆ ಮನೆಯ ಲೋಡೇ ಸಾಲಲ್ಲ. ಮನೆಗೆ ಎಷ್ಟು ಲೋಡ್ ಮಂಜೂರಾಗಿದೆ, ಅಂದ್ರೆ ಒಟ್ಟಿಗೆ ಎಷ್ಟು ಕರೆಂಟ್ ಎಳೀಬಹುದು, ಗೊತ್ತಾ?"

ಗೊತ್ತಿರಲಿಲ್ಲ. ಅಕ್ಕ ಕರೆಂಟ್ ಬಿಲ್ ತರಿಸಿ, ಅದರ ಮೇಲೇ ಅಚ್ಚಾಗಿದ್ದ ಸಂಖ್ಯೆಯನ್ನು ಬೆರಳಿಟ್ಟು ತೋರಿಸಿದರು. ಪ್ರತಿ ತಿಂಗಳು ಕೈಗೆ ಬರುತ್ತಿದ್ದ ಬಿಲ್ಲಿನಲ್ಲಿ ಮೇಷ್ಟ್ರು ಕೊನೆಯ ಸಾಲು ಬಿಟ್ಟು ಬೇರೇನೂ ಓದಿದವರಲ್ಲ.

ಆಮೇಲೆ ಮೂವರೂ ಗ್ಯಾರೇಜಿಗೆ ಬಂದರು. ಬೀದಿಯಿಂದ ಒಳಗೆ ಬರುವಾಗ ಬಲಕ್ಕೆ ಮನೆಯ ಗೋಡೆ, ಅದರಲ್ಲಿ ಅಡುಗೆಮನೆಯ ಕಿಟಕಿ ಮತ್ತು ಒಳಗೆ ಹೋಗುವ ಬಾಗಿಲು. ಎಡಕ್ಕೆ ಬರೀ ಗೋಡೆ. ಅದರ ಬುಡದಲ್ಲಿ ಹಳೆಯ ಪೇಪರ್ ಕಟ್ಟು, ಪೇಂಟ್ ಡಬ್ಬ, ಥಿನ್ನರ್ ಬಾಟಲಿ. ಕಾರು ಮೂತಿ ಒಳಗೆ ಮಾಡಿ ನಿಂತಿತ್ತು. ಚಾರ್ಜ್ ಹಾಕುವ ಮುಚ್ಚಳ ಹಿಂದಿನ ಬಲಗಡೆ ಇದ್ದುದರಿಂದ ವೈರು ಬಾಗಿಲಿನ ಮುಂದೆಯೇ ಹಾದು, ಕಾರಿನ ಪಕ್ಕದ ನಡೆಯುವ ಜಾಗದಲ್ಲಿ ಉದ್ದಕ್ಕೂ ಬಿದ್ದಿತ್ತು. ಕಾರು ಇಲ್ಲದಾಗಲೂ ಅದನ್ನು ಯಾರೂ ಎತ್ತಿಡುತ್ತಿರಲಿಲ್ಲ.

ಅಕ್ಕ ಆ ವೈರನ್ನು ನೋಡುತ್ತಾ ನಿಂತರು. "ಅಮ್ಮ ಎಲ್ಲಿ? ಇದು ಗುಂಡಿ ಅಂಗಡಿಗೆ ಹೋಗೋ ಹೊತ್ತಲ್ವಾ?"

ಅಮ್ಮನಿಗೆ ಮಂಡಿ ನೋವು, ವಾಕರ್ ಹಿಡಿದೇ ನಡೆಯುತ್ತಾರೆ. ಮುಂಬಾಗಿಲಿಗೆ ಮೆಟ್ಟಿಲುಗಳಿವೆ. ಗ್ಯಾರೇಜ್ ಕಡೆ ನೆಲ ಸಮವಾಗಿದೆ. ಹಾಗಾಗಿ ದಿನಾ ಈ ಬಾಗಿಲಿನಿಂದಲೇ ಹೊರಟು, ಬೀದಿ ತಿರುವಿನಲ್ಲಿ ಗುಂಡಿ, ದಾರ, ಜಿಪ್ಪು ಮಾರುವ ಗೆಳತಿಯ ಅಂಗಡಿಯಲ್ಲಿ ಕೂತು ಬರುತ್ತಿದ್ದರು. ಬಡಾವಣೆಯ ಸಮಾಚಾರವೆಲ್ಲ ಅಲ್ಲಿ ಇಬ್ಬರ ಬಾಯಲ್ಲಿ ಹಾದೇ ಮುಂದಕ್ಕೆ ಹೋಗಬೇಕು.

"ಅಮ್ಮಂಗೆ ಈಗ ಹೊರಗೆ ಹೋಗೋಕೆ ಮನಸ್ಸಿಲ್ಲ ಅಕ್ಕ. ವಯಸ್ಸಾಯ್ತಲ್ಲ. ಡಾಕ್ಟರಿಗೂ ಹೇಳಿದೀನಿ."

ಅಕ್ಕ ಒಳಗೆ ಹೋದರು. "ಬಾಮ್ಮ, ಗೇಟ್ ತನಕ ಹೋಗಿಬರೋಣ."

"ಬೇಡ ಬಿಡೇ."

"ಸ್ವಲ್ಪ ದೂರ ಅಷ್ಟೇ, ಬಾ."

ಅಮ್ಮ ವಾಕರ್ ಹಿಡಿದು ಬಾಗಿಲವರೆಗೆ ಬಂದು ನಿಂತರು. ನೆಲದ ಮೇಲಿನ ವೈರನ್ನು ನೋಡಿದರು. ವಾಕರಿನ ಮುಂದಿನ ಕಾಲುಗಳನ್ನು ತುಸು ಎತ್ತಿ, ಧೈರ್ಯ ಸಾಲದೆ ಇದ್ದಲ್ಲೇ ಇಟ್ಟರು.

"ಸಾಕು, ಒಳಗೆ ಹೋಗೋಣ ಬಾ" ಎಂದರು.

ಮೇಷ್ಟ್ರು ವೈರನ್ನೂ ವಾಕರನ್ನೂ ನೋಡಿದರು. "ಅಮ್ಮ, ಈ ವೈರಿಗೋಸ್ಕರಾನಾ ನೀನು ಹೋಗೋದು ಬಿಟ್ಟಿದ್ದು?"

"ಬಿದ್ದು ಕಾಲು ಮುರ್ಕೊಂಡ್ರೆ ನಿಮಗೇ ಅಲ್ವೇನೋ ಕಷ್ಟ."

"ಹೇಳಿದ್ರೆ ತೆಗೀತಿದ್ದೆ."

"ಎಷ್ಟು ದಿನ ಅಂತ ತೆಗೆಸ್ಲಿ? ಆಸೆಪಟ್ಟು ತಗೊಂಡಿದ್ದೀಯ ಕಾರನ್ನ. ನನ್ನದೊಂದು ರಗಳೆ ಯಾಕೆ ಅಂತ ಸುಮ್ಮನಿದ್ದೆ."

ಮೇಷ್ಟ್ರಿಗೆ ನಾಚಿಕೆಯಾಯಿತು, ದುಃಖವೂ ಆಯಿತು. ಗುಂಡಿ ಅಂಗಡಿಯವರು ಒಮ್ಮೆ ದಾರಿಯಲ್ಲಿ ಸಿಕ್ಕಿ, "ನಿಮ್ಮಮ್ಮಂಗೆ ನನ್ನ ಮೇಲೇನಾದ್ರೂ ಕೋಪಾನಾ?" ಎಂದು ಕೇಳಿದ್ದರು. ವಯಸ್ಸಿನ ಮೇಲೆ ಹಾಕಿ ನಕ್ಕು ಬಂದಿದ್ದವರು ಇವರೇ. ದಿನಕ್ಕೆ ನಾಲ್ಕು ಸಲ ಆ ವೈರನ್ನು ದಾಟಿ ಓಡಾಡಿದ್ದರೂ ಅಮ್ಮನ ವಾಕರ್ ನೆನಪಿಗೆ ಬಂದಿರಲಿಲ್ಲ. ಅವರು ಬಗ್ಗಿ ವೈರನ್ನು ಸುತ್ತತೊಡಗಿದರು.

"ಮೊದಲು ನೋಡಿ, ಆಮೇಲೆ ತಿರುಗಿಸಿ ಅಂತೀಯಲ್ಲ" ಎಂದರು ಅಕ್ಕ, ಮೆಲ್ಲಗೆ. "ಈಗ ನೋಡೋಣ. ಚಾರ್ಜರ್ ಆ ಎಡಗಡೆ ಗೋಡೆಗೆ, ಒಳಗಿನ ಮೂಲೆ ಹತ್ರ ಹೋಗ್ಲಿ. ಅಲ್ಲಿ ಯಾರೂ ನಡೆಯಲ್ಲ."

"ಆದ್ರೆ ಮುಚ್ಚಳ ಈ ಕಡೆ ಇದೆ. ಕೇಬಲ್ ಕಾರು ಸುತ್ತಿ ಬರ್ಬೇಕಾಗುತ್ತೆ."

"ಕಾರನ್ನೇ ತಿರುಗಿಸಿ ನಿಲ್ಸು. ರಿವರ್ಸಲ್ಲಿ ಒಳಗೆ ತಂದ್ರೆ ಮುಚ್ಚಳ ಆ ಮೂಲೆಗೇ ಹೋಗುತ್ತೆ."

"ದಿನಾನಾ? ಬೆಳಗಿಂದ ಸಂಜೆ ತನಕ ರಿವರ್ಸ್ ಹೇಳ್ಕೊಟ್ಟು ಸಾಕಾಗಿರುತ್ತೆ. ಮನೆಗೆ ಬಂದ್ಮೇಲೂ ನಾನೇ ಪರೀಕ್ಷೆ ಕೊಡ್ಬೇಕಾ?"

"ಕೊಡಿ. ಮಾರ್ಕ್ಸ್ ನಾವು ಹಾಕ್ತೀವಿ" ಎಂದಳು ಹೆಂಡತಿ.

ಆ ಕ್ಷಣವೇ ಪರೀಕ್ಷೆ ನಡೆಯಿತು. ಮೊದಲ ಸಲ ಕಾರು ಬಾಗಿಲಿಗೆ ತೀರಾ ಹತ್ತಿರ ಬಂತು. ಅಮ್ಮ ವಾಕರ್ ಇಟ್ಟು ನೋಡಿ, "ಸಾಲಲ್ಲ, ಇನ್ನೊಂದು ಸಲ" ಎಂದರು. ಎರಡನೆಯ ಸಲ ವಾಕರ್ ಆರಾಮಾಗಿ ಹಾಯಿತು. ಕಾರಿನ ಚಕ್ರ ನಿಂತ ಕಡೆ ಅಕ್ಕ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಲ್ಲಿಂದ ಗೋಡೆಗೆ ಟೇಪು ಹಿಡಿದರು. ಆ ಅಳತೆ ಸಿಕ್ಕ ಮೇಲೆಯೇ ಚಾರ್ಜರ್ ಯಾವುದು, ಕೇಬಲ್ ಎಷ್ಟು ಉದ್ದ ಎಂದು ಗೊತ್ತಾದದ್ದು.

ಚಿಕ್ಕ ಚಾರ್ಜರಿಗೂ ಮನೆಯ ಲೋಡ್ ಸ್ವಲ್ಪ ಕಡಿಮೆ ಬೀಳುತ್ತಿತ್ತು. ಕರೆಂಟ್ ಆಫೀಸಿಗೆ ಅರ್ಜಿ ಕೊಟ್ಟು, ಲೋಡ್ ಹೆಚ್ಚಿಸಿದ ಮೇಲೆ ಕೆಲಸ ಶುರುವಾಯಿತು. ಮೇನ್ ಬೋರ್ಡಿನಿಂದ ಕಾರಿಗೆಂದೇ ಬೇರೆ ಲೈನ್ ಬಂತು. ಅದಕ್ಕೆ ಅದರದೇ ಬ್ರೇಕರ್, ಕರೆಂಟ್ ಸೋರಿದರೆ ತಾನಾಗಿಯೇ ಲೈನ್ ಕಡಿತಗೊಳಿಸುವ ಇನ್ನೊಂದು ಬ್ರೇಕರ್. ಅಕ್ಕ ಅರ್ಥಿಂಗ್ ಪರೀಕ್ಷಿಸಿದಾಗ ಅದು ಹಾಳಾಗಿತ್ತು, ಅದನ್ನೂ ಸರಿಮಾಡಿದರು. ವೈರನ್ನು ಪೈಪಿನಲ್ಲಿ ಹಾಕಿ ಸೂರಿನ ಕೆಳಗೆ ಎಳೆದು ಎಡಗೋಡೆಗೆ ತಂದರು. ಚಾರ್ಜರ್ ಸೊಂಟದೆತ್ತರಕ್ಕೆ ನಿಂತಿತು, ಕೇಬಲ್ ಸುತ್ತಿಡಲು ಪಕ್ಕದಲ್ಲೊಂದು ಕೊಕ್ಕೆ. ಪೇಪರ್, ಥಿನ್ನರ್ ಅಲ್ಲಿಂದ ಜಾಗ ಖಾಲಿ ಮಾಡಿದವು. ಗೀಸರ್ ಹಾಕುವ ಹೊತ್ತಿನಲ್ಲಿ ಕಾರು ಚಾರ್ಜ್ ಆಗದಂತೆ ಸಮಯ ಹೊಂದಿಸಿಟ್ಟರು.

"ಪೈಪ್ ಸ್ವಲ್ಪ ದೊಡ್ಡದೇ ಹಾಕಿದೀನಿ" ಎಂದರು ಅಕ್ಕ. "ನಾಳೆ ಸ್ಕೂಲಿಗೂ ಇಂಥದೇ ಕಾರು ತಗೊಂಡು ಇಲ್ಲೇ ಚಾರ್ಜ್ ಮಾಡೋದಾದ್ರೆ, ಇನ್ನೊಂದು ವೈರಿಗೆ ಮತ್ತೆ ಗೋಡೆ ಕೊರೆಯೋದು ಬೇಡ."

ಕೆಲಸ ಮುಗಿದ ಮಾರನೆಯ ದಿನ ಮೇಷ್ಟ್ರು ಕಾರನ್ನು ರಿವರ್ಸಿನಲ್ಲಿ ತಂದು ನಿಲ್ಲಿಸಿ, ಕೇಬಲ್ ಸಿಕ್ಕಿಸಿ, ಅಭ್ಯಾಸಬಲದಿಂದ ಪ್ಲಗ್ ಮುಟ್ಟಿ ನೋಡಿದರು. ಬಿಸಿ ಇರಲಿಲ್ಲ. ಅಷ್ಟರಲ್ಲಿ ಒಳಬಾಗಿಲು ತೆರೆಯಿತು. ಅಮ್ಮ ಹೊರಗೆ ಹೋಗುವ ಸೀರೆ ಉಟ್ಟು ವಾಕರ್ ಹಿಡಿದು ಬಂದರು. ನೆಲದ ಮೇಲೆ ಏನೂ ಇರಲಿಲ್ಲ. ಆದರೂ ಅಮ್ಮ ಬಾಗಿಲಲ್ಲಿ ಒಂದು ಗಳಿಗೆ ನಿಂತರು. ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ.

"ಬಾಮ್ಮ, ಅಂಗಡಿ ತನಕ ನಾನೂ ಬರ್ತೀನಿ" ಎಂದರು ಮೇಷ್ಟ್ರು.

"ನೀನ್ಯಾಕೆ? ನಾವು ಮಾತಾಡೋದು ನಿನಗೆ ಕೇಳೋ ಅಂಥದ್ದಲ್ಲ" ಎಂದು ಅಮ್ಮ ಒಬ್ಬರೇ ಗೇಟು ದಾಟಿದರು. ಮೇಷ್ಟ್ರು ಗ್ಯಾರೇಜಿನಲ್ಲೇ ನಿಂತು, ಅವರು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಇಬ್ಬರು ಮುದುಕಿಯರ ನಗು ಕೇಳಿಸಿತು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಎಲೆಕ್ಟ್ರಿಕ್ ಗಾಡಿ ತರುವ ಯೋಚನೆ ನಿಮಗೂ ಇರಬಹುದು. ತನ್ನಿ, ಒಳ್ಳೆಯದೇ. ಆದರೆ ಚಾರ್ಜರ್ ಕೊಳ್ಳುವ ಮೊದಲು ಮನೆಯ ಲೋಡ್ ಎಷ್ಟಿದೆ ಎಂದು ಬಿಲ್ಲಿನಲ್ಲಿ ನೋಡಿ. ಎಕ್ಸ್‌ಟೆನ್ಷನ್ ಬಾಕ್ಸ್ ನಂಬಬೇಡಿ. ಲೈಸೆನ್ಸ್ ಇರುವವರನ್ನು ಕರೆದು ಬೇರೆ ಲೈನ್ ಹಾಕಿಸಿ, ಅರ್ಥಿಂಗ್ ಪರೀಕ್ಷಿಸಲು ಹೇಳಿ. ಗಾಡಿ ಹೇಗೆ ನಿಲ್ಲುತ್ತದೆ, ಕೇಬಲ್ ಎಲ್ಲಿ ಹಾಯುತ್ತದೆ ಎಂದು ಅಳೆದು ನೋಡಿ. ಆ ಜಾಗದಲ್ಲಿ ದಿನಾ ಓಡಾಡುವವರು ಯಾರೆಂದು ನಿಮಗೆ ಗೊತ್ತೇ ಇದೆ. ಅವರು ತಾವಾಗಿ ಹೇಳಲಿಕ್ಕಿಲ್ಲ. ಇವತ್ತೇ ಹೋಗಿ ಕೇಳಿ.