ಉಳಿದ ತುಂಡು

ಟೈಲರ್‌ನ ಹೆಂಡತಿ ಹಲ್ಲಿನಿಂದ ದಾರ ಕಚ್ಚಿ ತುಂಡರಿಸಿ, ಗಂಡನ ಎದೆಯ ಮೇಲಿನ ಗುಂಡಿಯನ್ನು ಒಮ್ಮೆ ಎಳೆದು ನೋಡಿದಳು. ಭದ್ರವಾಗಿತ್ತು. ಮೂವತ್ತೆಂಟು ವರ್ಷ ಊರಿನ ಸಮಸ್ತ ಎದೆಗಳಿಗೂ ಗುಂಡಿ ಹಾಕಿದ ಮನುಷ್ಯ. ಅವನು ಹೊಲಿದ ಗುಂಡಿ ಕಿತ್ತುಬಂದ ನಿದರ್ಶನ ಭೂಮಿಯ ಮೇಲಿಲ್ಲ. ಎದೆ ಒಡೆದೀತು, ಗುಂಡಿ ಅಲುಗದು. ಅವನ ಸ್ವಂತ ಅಂಗಿಗೆ ಮಾತ್ರ ಸಾಯುವ ದಿನದ ತನಕ ಎರಡನೇ ಗುಂಡಿ ಇರಲಿಲ್ಲ.

"ಕೇಳಿದಾಗೆಲ್ಲ, ನಂದು ಕೊನೇಗೆ ಅಂತಿದ್ರು," ಎಂದಳು ಪಕ್ಕದಂಗಡಿಯ ಇಸ್ತ್ರಿಯವಳು, ಮೂಗೊರೆಸಿಕೊಳ್ಳುತ್ತಾ. "ಕೊನೇಗೇ ಆಯ್ತು ನೋಡು."

ಹೆಣವನ್ನು ಮಲಗಿಸಿದ್ದು ಬಟ್ಟೆ ಕತ್ತರಿಸುವ ಮೇಜಿನ ಮೇಲೆ. ಆ ಮನೆಯಲ್ಲಿ ಒಬ್ಬ ಮನುಷ್ಯ ಉದ್ದಕ್ಕೆ ಹಿಡಿಸುವ ಜಾಗ ಅದೊಂದೇ.

ಹೊರಗೆ ಗಾಡಿ ನಿಂತ ಸದ್ದಾಯಿತು. ಹೆಣದ ಗಾಡಿಯೆಂದು ಎಲ್ಲರೂ ಎದ್ದರು. ಅಲ್ಲ, ಸಂಶೋಧನಾ ಸಂಸ್ಥೆಯ ಕಾರು. ಅದರ ಮುಂಭಾಗ ಬಾಗಿಲಿಗೆ ಬಂದಾಗ ಹಿಂಭಾಗ ಇನ್ನೂ ಬೀದಿಯ ತಿರುವಿನಲ್ಲೇ ಇತ್ತು. ಇಳಿದವರು ಬೀದಿಯವರೆಲ್ಲ 'ಬಿಳಿ ಕೋಟು' ಎನ್ನುವ ದೊಡ್ಡ ವಿಜ್ಞಾನಿ. ಹಿಂದೆಯೇ ಸಮಿತಿಯ ಕಾರ್ಯದರ್ಶಿ.

ಬಿಳಿ ಕೋಟು ಹೂವಿಟ್ಟು ಕಣ್ಣು ಮುಚ್ಚಿದರು. ಹತ್ತು ಎಣಿಸುವಷ್ಟರಲ್ಲಿ ತೆರೆದರು.

"ನಮ್ಮ ಸಮಿತಿಗೆ ಬೆನ್ನೆಲುಬಮ್ಮ ಇವರು. ಹನ್ನೊಂದು ವರ್ಷ!"

ಕಾರ್ಯದರ್ಶಿ ದನಿ ತಗ್ಗಿಸಿದಳು. "ಅಮ್ಮಾ, ಇಂಥ ಹೊತ್ತಲ್ಲಿ ಕೇಳಬಾರ್ದು. ಅವ್ರ ಹತ್ರ ಒಂದು ಫೈಲ್ ಇತ್ತು. ಇವತ್ತು ಐದು ಗಂಟೆಯೊಳಗೆ ಕಳಿಸ್ಲಿಲ್ಲ ಅಂದ್ರೆ ಅನುದಾನ ವಾಪಸ್ ಹೋಗುತ್ತೆ."

* * *

ಮನುಷ್ಯರ ಮೇಲೆ ಪ್ರಯೋಗ ಮಾಡುವ ಮುನ್ನ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಆ ಸಮಿತಿಯಲ್ಲಿ ವಿಜ್ಞಾನದ ಗಂಧಗಾಳಿಯಿಲ್ಲದ ಒಬ್ಬ ಸಾಮಾನ್ಯ ಮನುಷ್ಯ ಇರಲೇಬೇಕು ಎಂದು ನಿಯಮ. ಆ ಅರ್ಹತೆ ಇಡೀ ಊರಿಗೇ ಇತ್ತು. ಒಪ್ಪಿಕೊಂಡವನು ಟೈಲರ್ ಒಬ್ಬನೇ. ಪ್ರಯೋಗಕ್ಕೆ ಬರುವವರು ಸಹಿ ಹಾಕುವ ಒಪ್ಪಿಗೆ ಪತ್ರ ಜನರಿಗೆ ಅರ್ಥವಾಗುತ್ತದೋ ಇಲ್ಲವೋ ಎಂದು ಹೇಳುವುದು ಅವನ ಕೆಲಸ. ಬಾಯಿ ಮುಚ್ಚಿ ಬಿಸ್ಕತ್ತು ತಿಂದು ಸಹಿ ಹಾಕುತ್ತಾನೆಂದು ಸಂಸ್ಥೆಯವರು ತಿಳಿದಿದ್ದರು.

ಅವನು ಪತ್ರಗಳನ್ನು ಅಂಗಡಿಗೆ ತಂದ. ರಿಪೇರಿಗೆಂದು ಪ್ಯಾಂಟು ಬಿಚ್ಚಿಕೊಟ್ಟು ಟವಲ್ ಸುತ್ತಿ ಕೂತ ಗಿರಾಕಿ ಎಲ್ಲಿಗೆ ಓಡಿಯಾನು? ಅವನಿಗೆ ಓದಿ ಹೇಳುತ್ತಿದ್ದ.

"ಅರ್ಥ ಆಯ್ತಾ?"

"ಆಯ್ತು ಮಾರಾಯ, ಪ್ಯಾಂಟ್ ಕೊಡು."

"ಏನು ಅರ್ಥ ಆಯ್ತು, ಹೇಳು. ಆಮೇಲೆ ಪ್ಯಾಂಟು."

ಹಾಗೆ ಅರ್ಧ ಊರು ಟವಲ್ಲಿನಲ್ಲೇ ವಿಜ್ಞಾನ ಕಲಿಯಿತು. ಅರ್ಥವಾಗದ ಸಾಲಿನ ಮೇಲೆ ಅವನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದ. ಹೆಂಡತಿ ಬೈಯುತ್ತಿದ್ದಳು: "ಪೆನ್ನಲ್ಲಿ ಬರೀರಿ, ಅಳಿಸಿ ಹೋಗುತ್ತೆ."

"ಗಿರಾಕಿ ಮಾಲಿನ ಮೇಲೆ ಶಾಯಿ ಹಾಕ್ತಾರೇನೇ? ಅವ್ರೇ ನೋಡಿ ಸರಿ ಮಾಡ್ಕೊಳ್ಲಿ."

ಸರಿ ಮಾಡಿಕೊಳ್ಳುತ್ತಲೂ ಇದ್ದರು, ಕೊನೆಯ ಫೈಲಿನ ತನಕ. ಸುತ್ತಲ ಬೀದಿಗಳ ಒಂಬೈನೂರು ಜನ ಸಕ್ಕರೆ ಕಾಯಿಲೆಯ ಸಂಶೋಧನೆಗೆಂದು ರಕ್ತ ಕೊಟ್ಟಿದ್ದರು. ಟೈಲರ್‌ನ ಹೆಂಡತಿಯೂ, ಇಸ್ತ್ರಿಯವಳೂ. ಸಂಶೋಧನೆ ಮುಗಿದಿತ್ತು. ಉಳಿದ ರಕ್ತವನ್ನು ಅವರನ್ನು ಕೇಳದೆಯೇ ಔಷಧ ಕಂಪನಿಯೊಂದಕ್ಕೆ ಕೊಡುವುದು ಹೊಸ ಯೋಜನೆ.

ಅದರ ಸಭೆಯಲ್ಲಿ ನಡೆದದ್ದನ್ನು ಅವನು ಆ ಸಂಜೆ ಇದೇ ಮೇಜಿನ ಮುಂದೆ ನಿಂತು ಹೆಂಡತಿಗೆ ಅಭಿನಯಿಸಿ ತೋರಿಸಿದ್ದ.

"'ಉಳಿದಿದ್ದು ಯಾರದ್ದು ಸಾರ್?' ಅಂದೆ. 'ಉಳಿದಿದ್ದು ತಾನೇ, ಬಿಡ್ರಿ' ಅಂದ್ರು ಬಿಳಿ ಕೋಟಿನ ಡಾಕ್ಟ್ರು. 'ನಾನು ಟೈಲರು ಸಾರ್. ಉಳಿದ ತುಂಡು ಗಿರಾಕಿದು. ಒಂಬೈನೂರು ಜನರನ್ನೂ ಇನ್ನೊಂದ್ಸಲ ಕೇಳಿ' ಅಂದೆ. 'ಒಂಬೈನೂರು ಬಾಗಿಲು ಯಾರ್ರೀ ತಟ್ತಾರೆ?' ಅಂದ್ರು. 'ನಾನು ಬರ್ತೀನಿ ಸಾರ್, ಭಾನುವಾರ ಅಂಗಡಿ ರಜಾ' ಅಂದೆ."

"ಏನಂದ್ರು?"

"ನಕ್ಕರು." ಅವನು ನಗಲಿಲ್ಲ.

ಉಳಿದ ತುಂಡನ್ನು ನುಂಗದ ಟೈಲರ್ ಜಗತ್ತಿನಲ್ಲಿ ಅವನೊಬ್ಬನೇ ಇದ್ದಿರಬೇಕು. ಹೆಬ್ಬೆರಳಗಲದ ಚಿಂದಿಯನ್ನೂ ಗಂಟು ಕಟ್ಟಿ, ಹೆಸರಿನ ಚೀಟಿಯನ್ನು ಗುಂಡುಸೂಜಿಯಿಂದ ಚುಚ್ಚಿ, ಗಿರಾಕಿಯ ಕೈಗಿಡುತ್ತಿದ್ದ. ಸೂಜಿಯ ಮೊನೆಯನ್ನು ಬಟ್ಟೆಯ ಒಳಕ್ಕೆ ಅಡಗಿಸುತ್ತಿದ್ದ, ಯಾರ ಬೆರಳಿಗೂ ತಾಗಬಾರದೆಂದು.

* * *

ಫೈಲನ್ನು ಹೊಲಿಗೆ ಯಂತ್ರದ ಡ್ರಾಯರಿನಿಂದ ತೆಗೆದುಕೊಟ್ಟವನು ಟೈಲರ್‌ನ ತಮ್ಮ. ಏನು ಹೇಳಿದರೂ "ಆಗ್ಲಿ ಬಿಡಿ" ಎನ್ನುವುದರಿಂದ ಅವನ ಹೆಸರೇ ಆಗ್ಲಿಬಿಡಿ. ನಾಳೆ ಪ್ರಳಯವೆಂದರೂ ಅಷ್ಟೇ ಹೇಳಿಯಾನು.

ಕಾರ್ಯದರ್ಶಿ ಕೊನೆಯ ಹಾಳೆ ತೆರೆದಳು. 'ಉಳಿದ ಮಾದರಿಗಳು' ಎಂಬ ಸಾಲುಗಳ ಮೇಲೆ ಅಡ್ಡಡ್ಡ ನೀಲಿ ಸೀಮೆಸುಣ್ಣ; ಸಹಿಯ ಜಾಗದಲ್ಲಿ, ಅದರಲ್ಲೇ ದಪ್ಪಗೆ: ಕೇಳದೆ ಬೇಡ.

"ಬೇಡ ಅಂತ ಬರ್ದಿದ್ದಾರಲ್ಲ," ಎಂದಳು ಹೆಂಡತಿ.

"ಅದು ಬರ್ದಿದ್ದಲ್ಲಮ್ಮ," ಎಂದರು ಬಿಳಿ ಕೋಟು ಮೆತ್ತಗೆ. "ಗುರುತು ಅಷ್ಟೇ. ಸಹಿ ಇದ್ರೆ ತಾನೇ ಅಭಿಪ್ರಾಯ?"

ಕಾರ್ಯದರ್ಶಿ ಕರವಸ್ತ್ರದಿಂದ ಎರಡು ಸಲ ಒರೆಸಿ, ಒಮ್ಮೆ ಊದಿದಳು. ನೀಲಿ ಪುಡಿ ಸತ್ತವನ ಕಾಲಬೆರಳುಗಳ ಮೇಲೆ ಉದುರಿತು. ಹಾಳೆ ಹಾಲಿನಷ್ಟು ಬೆಳ್ಳಗಾಯಿತು.

"ಈಗ ಸಾಮಾನ್ಯ ಸದಸ್ಯರ ಜಾಗ ಖಾಲಿ," ಎನ್ನುತ್ತಾ ಆಗ್ಲಿಬಿಡಿಯ ಕಡೆ ತಿರುಗಿದಳು. ನೇಮಕದ ಪತ್ರ ಸಿದ್ಧವಾಗಿತ್ತು, ಹೆಸರೊಂದು ಬಿಟ್ಟು. "ನೀವು ವಿಜ್ಞಾನ ಏನಾದ್ರೂ ಓದಿದ್ದೀರಾ?"

"ಏಳನೇ ಕ್ಲಾಸಿಗೇ ಸ್ಕೂಲ್ ಬಿಟ್ಟೆ ಮೇಡಂ."

"ತುಂಬಾ ಒಳ್ಳೇದಾಯ್ತು."

"ಓದಿ ನೋಡೋ," ಎಂದಳು ಅತ್ತಿಗೆ. "ನನ್ನ ರಕ್ತನೂ ಅದರಲ್ಲಿದೆ."

"ನಂದೂ ಇದೆ," ಎಂದಳು ಇಸ್ತ್ರಿಯವಳು. "ನನ್ನ ಒಂದು ಮಾತು ಕೇಳ್ಬಾರ್ದಾ? ಇಲ್ಲೇ ಕೂತಿದ್ದೀನಿ. ಕೊಟ್ರೂ ಕೊಟ್ಟೇನು!"

ಯಾರೂ ಅವಳತ್ತ ನೋಡಲಿಲ್ಲ.

"ಅತ್ತಿಗೆ, ಸತ್ತ ಮನೇಲಿ ವಾದ ಬೇಡ. ದೊಡ್ಡೋರು ಬಂದಿದ್ದಾರೆ." ಆಗ್ಲಿಬಿಡಿ ಅಣ್ಣನ ಪಾದವನ್ನು ಒಂದಿಷ್ಟು ಸರಿಸಿ, ಮೇಜಿನಂಚಿಗೆ ಹಾಳೆಯಿಟ್ಟು, 'ಓದಿ ಅರ್ಥ ಮಾಡಿಕೊಂಡಿದ್ದೇನೆ' ಎಂಬುದರ ಕೆಳಗೆ ಸಹಿ ಹಾಕಿದ. ಪೆನ್ನಿನಲ್ಲಿ.

ಹೆಂಡತಿ ಎದ್ದು ಕಪಾಟಿನಿಂದ, ಗಿರಾಕಿ ಒಯ್ಯದೆ ಬಿಟ್ಟುಹೋಗಿದ್ದ ಒಂದು ಬಿಳಿ ಗಂಟು ತೆಗೆದಳು. ಚೀಟಿಯ ಮೇಲೆ ಗಂಡನ ದುಂಡು ಅಕ್ಷರ: 'ಡಾಕ್ಟರ್ ಸಾಹೇಬರ ಕೋಟಿಂದು.' ಎಲ್ಲರಿಗೂ ಬೆನ್ನು ಮಾಡಿ ನಿಂತು ಗುಂಡುಸೂಜಿ ಕಿತ್ತಳು. ಮತ್ತೆ ಚುಚ್ಚುವಾಗ ಮೊನೆಯನ್ನು ಹೊರಗೆ ಬಿಟ್ಟಳು.

"ನಿಮ್ದು. ಕೋಟು ಹೊಲಿದು ಉಳಿದಿದ್ದು."

"ಅಯ್ಯೋ, ಇರ್ಲಿ ಬಿಡಿಮ್ಮ, ನೀವೇ ಇಟ್ಕೊಳ್ಳಿ."

"ನಮ್ದಲ್ಲ."

ಸತ್ತ ಮನೆಯಲ್ಲಿ ಕೊಟ್ಟದ್ದನ್ನು ಬೇಡವೆನ್ನುವುದು ಹೇಗೆ? ಬಿಳಿ ಕೋಟು ಅದನ್ನು ಎರಡು ಬೆರಳಲ್ಲಿ ಹಿಡಿದು ಹೊರಗೆ ಹೋದರು.

ಹೆಣದ ಗಾಡಿ ಬೀದಿಯ ತುದಿಯಲ್ಲಿ ದಾರಿಗಾಗಿ ಹಾರ್ನ್ ಮಾಡುತ್ತಿತ್ತು. ಬಿಳಿ ಕೋಟು ಗಂಟನ್ನು ಡ್ರೈವರನ ಕೈಗೆಸೆದು ಹಿಂದಿನ ಸೀಟಿನಲ್ಲಿ ಕೂತರು. ಕಾರ್ಯದರ್ಶಿ ಫೈಲನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡಳು. ಡ್ರೈವರ್ ಗಂಟನ್ನು ತಿರುಗಿಸಿ ನೋಡಿದ. ಒರೆಸುವ ಬಟ್ಟೆಯೇ ಇರಬೇಕು ಅಂದುಕೊಂಡು, ಮುಂದಿನ ಗಾಜಿನ ಧೂಳಿನ ಮೇಲೆ ಒತ್ತಿ ಒಂದು ಸಲ ಉದ್ದಕ್ಕೆ ಎಳೆದ.

ಕಿರ್ ಎಂದಿತು.

ಬಾಗಿಲಲ್ಲಿ ನಿಂತು ಟೈಲರ್‌ನ ಹೆಂಡತಿ ನೋಡುತ್ತಿದ್ದಳು. ಡ್ರೈವರ್ ಗಾಜಿನ ಈ ತುದಿಯಿಂದ ಆ ತುದಿಯ ತನಕದ ಗೀರಿನ ಮೇಲೆ ಬೆರಳಾಡಿಸಿದ. ಊದಿದ. ಎಂಜಲು ಹಚ್ಚಿ ಉಜ್ಜಿದ. ಅಂಗಿಯ ತೋಳಿನಿಂದ ಒರೆಸಿ, ಬಗ್ಗಿ ನೋಡಿ, ಮತ್ತೆ ಉಜ್ಜತೊಡಗಿದ.